ಆಡದವನಿಗೆ ಸಂಬಳ

ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡದ ಅಭಿಮಾನಿಗಳಿಗೆ ಜುಲೈ 1 ಎಂದರೆ ವರ್ಷವರ್ಷವೂ ತಪ್ಪದೆ ಬರುವ ತಿಥಿ. ಅವತ್ತು ತಂಡ ಬಾಬಿ ಬೊನಿಲ್ಲಾ ಎಂಬ ಹಳೆಯ ಆಟಗಾರರಿಗೆ 11,93,248 ಡಾಲರ್ ಕೊಡುತ್ತದೆ. ಅವರು ಮೆಟ್ಸ್ ಪರ ಕೊನೆಯದಾಗಿ ಆಡಿದ್ದು 1999ರಲ್ಲಿ. ಕಂತು ಶುರುವಾದದ್ದು 2011ರಲ್ಲಿ, ಮುಗಿಯುವುದು 2035ರಲ್ಲಿ. ಕ್ವೀನ್ಸ್‌ನ ಕ್ರೀಡಾಂಗಣಕ್ಕೆ ಹೋಗುವ ಏಳನೇ ನಂಬರಿನ ರೈಲಿನಲ್ಲಿ ನೀಲಿ ಟೊಪ್ಪಿ ಹಾಕಿದ ಯಾರನ್ನು ಕೇಳಿದರೂ ಈ ಕತೆ ಗೊತ್ತು. ‘ಬಾಬಿ ಬೊನಿಲ್ಲಾ ಡೇ’ ಎಂದು ನಗುತ್ತಾರೆ, ನಕ್ಕ ಮೇಲೆ ತಂಡದ ಮಾಲೀಕರಿಗೆ ಬಯ್ಯುತ್ತಾರೆ. ಮೆಟ್ಸ್ ಅಭಿಮಾನಿಗಳು ದಶಕಗಳಿಂದ ಫೋನ್ ಮಾಡಿ ಜಗಳವಾಡುವ ಡಬ್ಲ್ಯೂಎಫ್‌ಎಎನ್ ಕ್ರೀಡಾ ರೇಡಿಯೊ ಶುರುವಾದದ್ದೂ 1987ರ ಜುಲೈ 1ರಂದೇ! ಪಂಚಾಂಗ ನೋಡಿ ಇಟ್ಟ ಮುಹೂರ್ತದ ಹಾಗಿದೆ.

ಆ ಜಗಳದಲ್ಲಿ ಆಟದಷ್ಟೇ ಹಣವೂ ಇರುತ್ತದೆ. ‘ಇವನಿಗೆ ಇಷ್ಟು ಸುರಿದರಲ್ಲ, ಆ ದುಡ್ಡಿಗೆ ಇಬ್ಬರು ಪಿಚರ್ ಬರುತ್ತಿದ್ದರು’ ಎನ್ನುವುದು ಅದರ ಪಲ್ಲವಿ (ಪಿಚರ್ ಎಂದರೆ ಚೆಂಡೆಸೆಯುವವ, ನಮ್ಮ ಬೌಲರ್ ಇದ್ದ ಹಾಗೆ). ಈ ವಾದ ಎಲ್ಲಿ ಸರಿ, ಎಲ್ಲಿ ಎಡವುತ್ತದೆ ಎಂದು ತಿಳಿಯಲು ಕೆಲವು ಮೂಲ ವಿಷಯಗಳು ಬೇಕು. ಅವನ್ನು ಬೇಗ ಮುಗಿಸಿಬಿಡೋಣ.

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳು. ನಮ್ಮ ಐಪಿಎಲ್ ನೋಡಿದವರು ಮೊದಲು ಮುಗ್ಗರಿಸುವುದು ಇಲ್ಲೇ. ಐಪಿಎಲ್‌ನಲ್ಲಿ ಪ್ರತಿ ತಂಡಕ್ಕೂ ಒಂದೇ ಗಾತ್ರದ ಥೈಲಿ. 2025ರ ಹರಾಜಿನಲ್ಲಿ ಅದು 120 ಕೋಟಿ ರೂಪಾಯಿ ಇತ್ತು, ಒಂದು ರೂಪಾಯಿ ಮೀರುವಂತಿರಲಿಲ್ಲ. ಬೇಸ್‌ಬಾಲ್‌ನಲ್ಲಿ ಅಂಥ ಮಿತಿ ಇಲ್ಲ. ತಂಡದ ಒಟ್ಟು ಸಂಬಳಕ್ಕೆ ಒಂದು ಗೆರೆ ಇದೆ, 2025ರಲ್ಲಿ ಅದು 24.1 ಕೋಟಿ ಡಾಲರ್. ದಾಟಬಹುದು, ದಾಟಿದರೆ ದಂಡ. ಜನ ಇದನ್ನು ‘ಲಕ್ಷುರಿ ಟ್ಯಾಕ್ಸ್’ ಎನ್ನುತ್ತಾರೆ. ಸತತ ಮೂರನೇ ವರ್ಷವೂ ದಾಟಿ, ಗೆರೆಯಿಂದ ಆರು ಕೋಟಿ ಡಾಲರಿಗೂ ಮೇಲೆ ಹೋದ ತಂಡ ಅಲ್ಲಿಂದಾಚೆ ಕೊಡುವ ಪ್ರತಿ ಡಾಲರಿಗೆ 1 ಡಾಲರ್ 10 ಸೆಂಟ್ ತೆರಿಗೆ ತೆರಬೇಕು. ಅಂದರೆ ಆಟಗಾರನ ಕೈಗೆ ಒಂದು ಡಾಲರ್ ತಲುಪಲು ಮಾಲೀಕನ ಜೇಬಿನಿಂದ ಎರಡು ಡಾಲರಿಗೂ ಹೆಚ್ಚು ಹೋಗುತ್ತದೆ. ಮಾಲೀಕರೂ ಆಟಗಾರರ ಸಂಘವೂ ಮಾಡಿಕೊಂಡ 2022ರ ಒಪ್ಪಂದದಲ್ಲಿ ಸೇರಿದ ಈ ಕೊನೆಯ ಮೆಟ್ಟಿಲಿಗೆ ‘ಕೊಹೆನ್ ಟ್ಯಾಕ್ಸ್’ ಎಂದೇ ಅಡ್ಡಹೆಸರು. 2020ರಲ್ಲಿ ಮೆಟ್ಸ್ ತಂಡವನ್ನು ಕೊಂಡ ಕುಬೇರ ಸ್ಟೀವ್ ಕೊಹೆನ್ ಅವರನ್ನು ನೆನೆದೇ ಉಳಿದ ಮಾಲೀಕರು ಅದನ್ನು ಕಟ್ಟಿದರು ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು.

ಇನ್ನೊಂದು ಸಂಗತಿ: ಇಲ್ಲಿ ಸಂಬಳಕ್ಕೂ ಆಟಕ್ಕೂ ನೇರ ಸಂಬಂಧ ಹುಡುಕಬೇಡಿ. ಆಟಗಾರ ಮೊದಲ ಮೂರು ವರ್ಷ ಹೆಚ್ಚುಕಡಿಮೆ ತಂಡ ಕೊಟ್ಟಷ್ಟಕ್ಕೆ ಆಡಬೇಕು. ಆಮೇಲಿನ ಮೂರು ವರ್ಷ ಪಂಚರ ಮುಂದೆ ಕೂತು ಚೌಕಾಸಿ. ಆರು ವರ್ಷ ತುಂಬಿದ ಮೇಲಷ್ಟೇ ‘ಫ್ರೀ ಏಜೆಂಟ್’, ಕರೆದವರ ಮನೆಗೆ ಹೋಗಬಹುದು. ಈ ಸ್ವಾತಂತ್ರ್ಯ ಸಿಕ್ಕಿದ್ದೂ 1975ರ ಡಿಸೆಂಬರಿನಲ್ಲಿ, ಪೀಟರ್ ಸೈಟ್ಜ್ ಎಂಬ ಮಧ್ಯಸ್ಥಗಾರರ ಒಂದು ತೀರ್ಪಿನಿಂದ. ಅದಕ್ಕೆ ಮೊದಲು ಆಟಗಾರ ತಂಡದ ಸ್ವತ್ತು. ಇದರಿಂದಾಗುವ ವಿಚಿತ್ರ ನೋಡಿ: 2025ರಲ್ಲಿ ನ್ಯಾಷನಲ್ ಲೀಗಿನ ಶ್ರೇಷ್ಠ ಪಿಚರ್ ಎಂದು ಸೈ ಯಂಗ್ ಪ್ರಶಸ್ತಿ ಪಡೆದ ಪಿಟ್ಸ್‌ಬರ್ಗಿನ ಪಾಲ್ ಸ್ಕೀನ್ಸ್ ಅವರ ಆ ವರ್ಷದ ಸಂಬಳ ಒಂಬತ್ತು ಲಕ್ಷ ಡಾಲರಿಗಿಂತ ಕಡಿಮೆ. ಬೊನಿಲ್ಲಾ ಅವರ ಕಂತು ಅದಕ್ಕಿಂತ ಜಾಸ್ತಿ!

ಈ ಹೋಲಿಕೆ ಕೇಳಿದೊಡನೆ ‘ಎಂಥಾ ಮೂರ್ಖರು!’ ಎನ್ನುವುದು ಸಹಜ. ಬೇಸ್‌ಬಾಲಿನ ಲೆಕ್ಕ ಕೇಳಿದ ನೆಂಟರು, ಗೆಳೆಯರು ಎಲ್ಲರ ಬಾಯಲ್ಲೂ ಈ ಉದ್ಗಾರ ಬಂದಿದೆ. ಪ್ರತಿ ಸಲವೂ ನಾನು ಒಂದು ಕಾಗದ ತರಿಸುತ್ತೇನೆ. ನೀವೂ ಒಂದು ಹಾಳೆ ತೆಗೆದುಕೊಳ್ಳಿ.

2000ದ ಜನವರಿಯಲ್ಲಿ ಮೆಟ್ಸ್‌ಗೆ ಬೊನಿಲ್ಲಾ ಬೇಡವಾಗಿದ್ದರು. ವಯಸ್ಸು 36, ಬ್ಯಾಟು ಮಾತು ಕೇಳುತ್ತಿರಲಿಲ್ಲ. ಆದರೆ ಬೇಸ್‌ಬಾಲಿನ ಕರಾರಿನಲ್ಲಿ ಬರೆದ ಸಂಬಳ ಆಡಿದರೂ ಕೊಡಬೇಕು, ಆಡದಿದ್ದರೂ ಕೊಡಬೇಕು. ಉಳಿದಿದ್ದ ಬಾಕಿ 59 ಲಕ್ಷ ಡಾಲರ್. ಅದನ್ನು ಅಂದೇ ಎಣಿಸಿಕೊಡುವ ಬದಲು ಎರಡೂ ಕಡೆಯವರು ಹೀಗೆ ಒಪ್ಪಿಕೊಂಡರು: ಹನ್ನೊಂದು ವರ್ಷ ಒಂದು ಪೈಸೆಯೂ ಇಲ್ಲ, ಆಮೇಲೆ 25 ಕಂತು, ಬಡ್ಡಿ ಶೇಕಡಾ 8.

ಅಭಿಮಾನಿ ಎಡವುವುದು ಮುಂದಿನ ಹೆಜ್ಜೆಯಲ್ಲಿ. 25 ಕಂತುಗಳನ್ನು ಕೂಡಿಸುತ್ತಾನೆ, ಸುಮಾರು 2.98 ಕೋಟಿ ಬರುತ್ತದೆ. ‘59 ಲಕ್ಷದ ಸಾಲಕ್ಕೆ ಮೂರು ಕೋಟಿ!’ ಎಂದು ಎದೆ ಬಡಿದುಕೊಳ್ಳುತ್ತಾನೆ. 2000ದ ಡಾಲರನ್ನೂ 2035ರ ಡಾಲರನ್ನೂ ಒಂದೇ ತಕ್ಕಡಿಯ ಎರಡು ತಟ್ಟೆಗೆ ಹಾಕಿದ್ದು ತಪ್ಪು. ಮೂವತ್ತೈದು ವರ್ಷದ ಹಿಂದೆ ಅಜ್ಜ ಸೈಟು ಕೊಂಡ ಬೆಲೆ ಕೇಳಿ ‘ಅಯ್ಯೋ, ಅಷ್ಟು ಅಗ್ಗವೇ!’ ಎನ್ನುವವರೂ ಮಾಡುವುದು ಇದನ್ನೇ.

ಲೆಕ್ಕವನ್ನು ಎರಡು ತುಂಡು ಮಾಡಿ. ಮೊದಲ ತುಂಡು, 2010ರ ಜುಲೈವರೆಗಿನ ಹತ್ತು ವರ್ಷದ ಮೌನ (ಹನ್ನೊಂದನೇ ವರ್ಷದ ಬಡ್ಡಿ ಮೊದಲ ಕಂತಿನ ಲೆಕ್ಕದಲ್ಲೇ ಸೇರುತ್ತದೆ). ದುಡ್ಡು ಇಮ್ಮಡಿಯಾಗಲು ಎಷ್ಟು ವರ್ಷ ಬೇಕು ಎಂದು ತಿಳಿಯಲು 72ನ್ನು ಬಡ್ಡಿದರದಿಂದ ಭಾಗಿಸಿದರೆ ಸಾಕು. ಎಂಟರಿಂದ ಭಾಗಿಸಿದರೆ ಒಂಬತ್ತು. ಹಾಗಾಗಿ 59 ಲಕ್ಷ 2009ರ ವೇಳೆಗೆ ದುಪ್ಪಟ್ಟಾಗಿ, 2010ರ ಜುಲೈ ಹೊತ್ತಿಗೆ 1.27 ಕೋಟಿ ದಾಟಿತು. ಇಷ್ಟಾದರೂ ಯಾರ ಕೈಯಿಂದಲೂ ಕಾಸು ಬಿಚ್ಚಿಲ್ಲ. ಎರಡನೇ ತುಂಡು, ಆ 1.27 ಕೋಟಿಯನ್ನು ಎಂಟರ ಬಡ್ಡಿಯಲ್ಲಿ 25 ವರ್ಷದ ಸಮ ಕಂತಾಗಿ ತೀರಿಸುವುದು. ಇದು ನಮ್ಮ ಮನೆಸಾಲದ ಇಎಂಐ ಲೆಕ್ಕವೇ, ತಿಂಗಳ ಬದಲು ವರ್ಷಕ್ಕೊಮ್ಮೆ. ಉತ್ತರ 11.93 ಲಕ್ಷ. ಈ ಸಂಖ್ಯೆ ಕಾಗದದ ಕೊನೆಯ ಸಾಲಿನಲ್ಲಿ ಬಂದು ಕೂರುವಾಗ ನನಗೆ ಇಂದಿಗೂ ರೋಮಾಂಚನವಾಗುತ್ತದೆ. ಬಡ್ಡಿಯೇ ಇಲ್ಲದಿದ್ದರೆ ಕಂತು 2,36,000 ಡಾಲರ್ ಅಷ್ಟೆ. ಮಿಕ್ಕಿದ್ದೆಲ್ಲ ಕಾಲದ ಕೂಲಿ.

ಎಂಟು ಹೆಚ್ಚಾಯಿತೇ? ಆ ಜನವರಿಯಲ್ಲಿ ಅಮೆರಿಕದ ಬ್ಯಾಂಕುಗಳು ಒಳ್ಳೆಯ ಗಿರಾಕಿಗಳಿಗೆ ಸಾಲ ಕೊಡುತ್ತಿದ್ದ ದರವೇ ಎಂಟೂವರೆ. ಹೊರಗಿನ ಸಾಲಕ್ಕಿಂತ ಬೊನಿಲ್ಲಾ ಕೊಟ್ಟ ಸಾಲ ದುಬಾರಿಯೇನಲ್ಲ. ಎಡವಟ್ಟಾದದ್ದು ಬೇರೆ ಕಡೆ. ಆಗಿನ ಮಾಲೀಕರಾದ ವಿಲ್ಪಾನ್ ಕುಟುಂಬದ ಹಣ ಬರ್ನಿ ಮ್ಯಾಡಾಫ್ ಎಂಬ ವ್ಯವಹಾರಸ್ಥನ ಬಳಿ ಇತ್ತು, ಅಲ್ಲಿ ಎಂಟಕ್ಕಿಂತ ಹೆಚ್ಚು ಹುಟ್ಟುತ್ತಿದೆ ಎಂದು ಕಾಗದ ಹೇಳುತ್ತಿತ್ತು. 2008ರ ಡಿಸೆಂಬರಿನಲ್ಲಿ ಆತ ಸೆರೆಯಾದ, ಕಾಗದವೆಲ್ಲ ಸುಳ್ಳೆಂದು ಗೊತ್ತಾಯಿತು. ಬಯ್ಯಲೇಬೇಕೆಂದರೆ ಅದಕ್ಕೆ ಬಯ್ಯಿರಿ, ಕರಾರಿಗಲ್ಲ.

ಇನ್ನು ಬೊನಿಲ್ಲಾ ಅವರಿಗೆ ಆಗಲೇ ಕೊಡದೆ ಉಳಿಸಿಕೊಂಡ ದುಡ್ಡಿನಿಂದ ತಂಡ ಏನು ಮಾಡಿತು ಎನ್ನುವುದು ಅಭಿಮಾನಿಗಳ ಇನ್ನೊಂದು ಕದನ. ಮೆಟ್ಸ್ ಪಿಚರ್ ಮೈಕ್ ಹ್ಯಾಂಪ್ಟನ್ ಅವರನ್ನು ತಂದಿತು, 2000ದಲ್ಲಿ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ತಲುಪಿ ಯಾಂಕೀಸ್‌ಗೆ ಸೋತಿತು. ಹ್ಯಾಂಪ್ಟನ್ ಬಿಟ್ಟುಹೋದಾಗ ಪರಿಹಾರವಾಗಿ ಸಿಕ್ಕ, ಹೊಸ ಆಟಗಾರರನ್ನು ಆರಿಸುವ ಸರದಿಯಲ್ಲಿ 2001ರಲ್ಲಿ ಡೇವಿಡ್ ರೈಟ್ ಬಂದರು, ಮುಂದೆ ತಂಡದ ನಾಯಕರಾದರು. ‘ನೋಡಿ, ಬೊನಿಲ್ಲಾ ಕಂತೇ ನಮಗೆ ರೈಟ್‌ನನ್ನು ಕೊಟ್ಟಿತು’ ಎನ್ನುವವರಿದ್ದಾರೆ. ಕತೆ ಚೆಂದ. ಆದರೆ ಹ್ಯಾಂಪ್ಟನ್ ಬಂದದ್ದು 1999ರ ಡಿಸೆಂಬರಿನಲ್ಲಿ, ಬೊನಿಲ್ಲಾರನ್ನು ಬಿಟ್ಟದ್ದು ಅದಾದ ಮೇಲೆ. ಕೊಂಡಿ ಸ್ವಲ್ಪ ಸಡಿಲ ಎಂದು ಮಾತ್ರ ಹೇಳುತ್ತೇನೆ.

ಇದೇ ಲೆಕ್ಕವನ್ನು ತಲೆಕೆಳಗು ಮಾಡಿದರೆ ಇವತ್ತಿನ ದೊಡ್ಡ ಜಗಳ ಅರ್ಥವಾಗುತ್ತದೆ. 2023ರ ಡಿಸೆಂಬರಿನಲ್ಲಿ ಶೋಹೈ ಒಟಾನಿ ಎಂಬ ಆಟಗಾರ ಲಾಸ್ ಏಂಜಲಿಸ್ ಡಾಜರ್ಸ್ ಜೊತೆ ಹತ್ತು ವರ್ಷಕ್ಕೆ 70 ಕೋಟಿ ಡಾಲರಿನ ಕರಾರು ಮಾಡಿಕೊಂಡರು. ಅದರಲ್ಲಿ 68 ಕೋಟಿ ಅವರ ಕೈ ಸೇರುವುದು 2034ರಿಂದ 2043ರ ನಡುವೆ, ಬಡ್ಡಿಯಿಲ್ಲದೆ. ಈಗ ವರ್ಷಕ್ಕೆ ಸಿಗುವುದು 20 ಲಕ್ಷ. ‘ವರ್ಷಕ್ಕೆ 7 ಕೋಟಿ ಕೊಟ್ಟು ತೆರಿಗೆ ತಪ್ಪಿಸಿದರು’ ಎಂದು ಉಳಿದ ತಂಡಗಳ ಅಭಿಮಾನಿಗಳು ಕೂಗಿದರು. ಹಾಳೆ ಮಗುಚಿ. ಈ ವರ್ಷ ದುಡಿದ 6.8 ಕೋಟಿ ಸಿಗುವುದು ಹತ್ತು ವರ್ಷ ಕಳೆದು. ಶೇಕಡಾ 4.4ರ ಆಸುಪಾಸಿನ ದರದಲ್ಲಿ ಹತ್ತು ವರ್ಷ ಹಿಂದಕ್ಕೆ ತಂದರೆ ಅದರ ಇಂದಿನ ಬೆಲೆ 4.4 ಕೋಟಿ. ಕೈಗೆ ಬರುವ 20 ಲಕ್ಷ ಸೇರಿಸಿ: 4.6 ಕೋಟಿ. ತೆರಿಗೆಯ ಪಟ್ಟಿಯಲ್ಲಿ ಒಟಾನಿ ಹೆಸರಿನ ಮುಂದೆ ಬರೆದಿರುವುದೂ ಅಷ್ಟೇ. ಮರೆಮಾಚಿದ್ದು ಏನೂ ಇಲ್ಲ. ಪತ್ರಿಕೆಯ ತಲೆಬರಹದ 70 ಕೋಟಿಯೇ ಉಬ್ಬಿಸಿದ ಬಲೂನು. ಅದಕ್ಕೆ ಹೋಲಿಸಿದರೆ ಮೆಟ್ಸ್ 2024ರ ಡಿಸೆಂಬರಿನಲ್ಲಿ ಹುವಾನ್ ಸೋಟೊ ಅವರಿಗೆ ಒಪ್ಪಿಕೊಂಡ 15 ವರ್ಷದ 76.5 ಕೋಟಿಯಲ್ಲಿ ಮುಂದೂಡಿದ್ದು ಒಂದು ಡಾಲರೂ ಇಲ್ಲ. ಎರಡು ತಲೆಬರಹಗಳ ನಡುವೆ ಕಾಣುವ ಅಂತರಕ್ಕಿಂತ ನಿಜವಾದ ಅಂತರ ಎಷ್ಟೋ ದೊಡ್ಡದು.

ಇಷ್ಟು ಹೇಳಿದರೆ ನಾನು ಮಾಲೀಕರ ವಕೀಲ ಎಂದು ಕೆಲವರಿಗೆ ಸಿಟ್ಟು. ಇಲ್ಲ, ಬಯ್ಯಬೇಕಾದ ಖರ್ಚುಗಳು ಬೇಕಾದಷ್ಟಿವೆ. 2023ರಲ್ಲಿ ಮೆಟ್ಸ್ ನಲವತ್ತರ ಆಸುಪಾಸಿನ ಇಬ್ಬರು ಪಿಚರ್‌ಗಳಿಗೆ, ಮ್ಯಾಕ್ಸ್ ಶೆರ್ಜರ್ ಮತ್ತು ಜಸ್ಟಿನ್ ವರ್ಲ್ಯಾಂಡರ್ ಅವರಿಗೆ, ತಲಾ 4.33 ಕೋಟಿ ಡಾಲರ್ ಗೊತ್ತುಮಾಡಿತ್ತು. ತೆರಿಗೆಯೇ ಹತ್ತು ಕೋಟಿ ಡಾಲರ್ ಮುಟ್ಟಿತು. ಗೆದ್ದದ್ದು 75, ಸೋತದ್ದು 87. ಆದರೆ ನಡು ಋತುವಿನಲ್ಲಿ ಕೊಹೆನ್ ಮಾಡಿದ್ದು ನೋಡಿ: ಇಬ್ಬರನ್ನೂ ಬೇರೆ ತಂಡಗಳಿಗೆ ಕಳಿಸಿ, ಅವರ ಸಂಬಳದ ದೊಡ್ಡ ಪಾಲನ್ನು ತಾವೇ ಹೊತ್ತು, ಬದಲಿಗೆ ಆ ತಂಡಗಳ ಎಳೆಯ ಹುಡುಗರನ್ನು ಪಡೆದರು. ಕಳೆದುಹೋದ ದುಡ್ಡಿಗೆ ಅಳುತ್ತ ಕೂರದೆ, ಮುಂದೆ ಆರು ವರ್ಷ ಅಗ್ಗಕ್ಕೆ ಆಡುವವರನ್ನು ಕೊಂಡರು. ರೇಡಿಯೊಗೆ ಫೋನ್ ಮಾಡುವವನ ಕಣ್ಣಿಗೆ ಇದು ‘ಬೇರೆಯವರಿಗೆ ಆಡಲು ನಮ್ಮ ಸಂಬಳ’. ನನ್ನ ಕಣ್ಣಿಗೆ ಆ ವರ್ಷ ತಂಡ ಮಾಡಿದ ಒಂದೇ ಜಾಣ ಖರ್ಚು ಅದು.

2022ರ ಆ ಒಪ್ಪಂದದ ಅವಧಿ 2026ರ ಡಿಸೆಂಬರ್ 1ಕ್ಕೆ ಮುಗಿಯುವಂಥದ್ದು. ಐಪಿಎಲ್ ಥೈಲಿಯಂಥ ಗಟ್ಟಿ ಮಿತಿ ಬೇಕೆಂಬುದು ಹಲವು ಮಾಲೀಕರ ಹಳೆಯ ಆಸೆ. ಬೇಡವೆಂಬುದು ಆಟಗಾರರ ಸಂಘದ ಅಷ್ಟೇ ಹಳೆಯ ಹಟ. 1994ರಲ್ಲಿ ಇದೇ ಜಗಳ ಮುಷ್ಕರಕ್ಕೆ ತಿರುಗಿ ಆ ವರ್ಷದ ವರ್ಲ್ಡ್ ಸೀರೀಸೇ ನಡೆಯಲಿಲ್ಲ. ಹೈಸ್ಕೂಲಿನಲ್ಲಿ ಓದಿದ ಚಕ್ರಬಡ್ಡಿಯನ್ನು ದಯವಿಟ್ಟು ಮತ್ತೊಮ್ಮೆ ತೆಗೆದು ನೋಡಿ, ಇವರ ಮಾತುಕತೆಯ ಸುದ್ದಿ ಓದುವಾಗ ಪೆನ್ನು ಕೈಯಲ್ಲಿರಲಿ. ಅಭ್ಯಾಸಕ್ಕೆ ಬೊನಿಲ್ಲಾ ಅವರಿಂದಲೇ ಶುರುಮಾಡಬಹುದು. ಅವರ ಕಂತು ಎಂಟರ ಬದಲು ಒಟಾನಿ ಲೆಕ್ಕದ 4.4ರಲ್ಲಿ ಗೊತ್ತಾಗಿದ್ದರೆ ಎಷ್ಟಾಗುತ್ತಿತ್ತು? ದುಪ್ಪಟ್ಟಾಗುವ ಲೆಕ್ಕಕ್ಕೆ 72 ನೆನಪಿರಲಿ. 2035ರ ಜುಲೈ 1ರಂದು ಕೊನೆಯ ಕಂತು ಎಣಿಸಿಕೊಳ್ಳುವಾಗ ಬೊನಿಲ್ಲಾ ಅವರ ವಯಸ್ಸೂ 72.