ಊರಿನ ಅತಿಥಿಗೆ ಬಾಗಿಲು ತೆರೆಯುವ ವೇಳೆ: ಮುಂಬಯಿಯ ಅಲ್ಪಾವಧಿ ಬಾಡಿಗೆ ಮನೆಗಳ ಸಮಯದ ಲೆಕ್ಕಾಚಾರ

ಮಾಯಾನಗರಿ ಮುಂಬಯಿಗೂ ಕನ್ನಡ ನಾಡಿಗೂ ಇರುವ ನಂಟು ಶತಮಾನವನ್ನು ಮೀರಿದ್ದು. ಪ್ರತಿದಿನ ಬೆಳಗಾಗುತ್ತಲೇ ಮಂಗಳೂರು, ಉಡುಪಿ, ಹುಬ್ಬಳ್ಳಿ, ಕಲಬುರಗಿ, ಸೊಲ್ಲಾಪುರಗಳ ಕಡೆಯಿಂದ ರೈಲು ಬಸ್ಸುಗಳಲ್ಲಿ ನಮ್ಮವರು ಈ ಮಹಾನಗರಕ್ಕೆ ಬಂದಿಳಿಯುತ್ತಾರೆ. ಕೆಲವರು ಮದುವೆ ಮುಂಜಿಗಳಿಗೆ, ಕೆಲವರು ಉದ್ಯೋಗದ ಸಂದರ್ಶನಕ್ಕೆ, ಇನ್ನು ಕೆಲವರು ಭಾರವಾದ ಮನಸ್ಸಿನಿಂದ ಪರೇಲ್‌ನ ಆಸ್ಪತ್ರೆಗಳಿಗೆ. ಹಿಂದೆ ಇವರೆಲ್ಲರೂ ಬಂಧುಗಳ ಚಾಳಿನ ಖೋಲಿಯಲ್ಲಿಯೋ ಪರಿಚಿತರ ಹೋಟೆಲಿನ ಅಟ್ಟದ ಮೇಲೋ ತಂಗುತ್ತಿದ್ದರು. ಇಂದು ಮನೆಗಳು ಕಿರಿದಾಗಿವೆ, ಮನೆಯವರೆಲ್ಲ ದುಡಿಯಲು ಹೊರಡುತ್ತಾರೆ. ಇನ್ನೊಂದೆಡೆ, ಮಕ್ಕಳು ವಿದೇಶಕ್ಕೆ ತೆರಳಿದ ಬಳಿಕ ಮುಲುಂಡ್, ಥಾಣೆ, ಡೊಂಬಿವಲಿ, ಮೀರಾರೋಡ್, ನೆರೂಲ್ ಮುಂತಾದೆಡೆ ಬೀಗ ಹಾಕಿ ಉಳಿದ ಫ್ಲ್ಯಾಟುಗಳಿವೆ. ಇಂತಹ ಮನೆಗಳನ್ನು ನಾಲ್ಕಾರು ದಿನಗಳ ಮಟ್ಟಿಗೆ ಬಾಡಿಗೆಗೆ ಕೊಡುವ ಪದ್ಧತಿ ನಮ್ಮವರಲ್ಲಿಯೂ ಬೆಳೆಯುತ್ತಿದೆ.

ಬಾಡಿಗೆ ಎಷ್ಟು ಎಂಬುದನ್ನು ಎಲ್ಲರೂ ಮೊದಲು ಕೇಳುತ್ತಾರೆ. ಆದರೆ ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಹಣದಿಂದಲ್ಲ, ಗಡಿಯಾರದಿಂದ. ಅತಿಥಿ ಎಷ್ಟು ಹೊತ್ತಿಗೆ ಒಳಬರಬೇಕು, ಎಷ್ಟು ಹೊತ್ತಿಗೆ ಮನೆ ಬಿಟ್ಟುಕೊಡಬೇಕು ಎಂಬ ಎರಡು ವೇಳೆಗಳನ್ನು ಆಲೋಚಿಸದೆ ಗೊತ್ತುಪಡಿಸಿದರೆ, ರಾತ್ರಿಯಿಡೀ ಪ್ರಯಾಣಿಸಿದ ರೋಗಿಯೊಬ್ಬರು ಬೀಗ ಹಾಕಿದ ಬಾಗಿಲಿನ ಮುಂದೆ ಚೀಲದ ಮೇಲೆ ಕುಳಿತು ಕಾಯಬೇಕಾಗುತ್ತದೆ. ಈ ಹಿನ್ನೆಲೆಯಲ್ಲಿ ಮನೆ ಕೊಡುವವರಿಗೂ ಪಡೆಯುವವರಿಗೂ ನೆರವಾಗುವ ಕೆಲವು ವಿಚಾರಗಳನ್ನು ನಾವು ಇಲ್ಲಿ ಪರಾಮರ್ಶಿಸುತ್ತಿದ್ದೇವೆ.

ಹೊಸತಲ್ಲದ ಪ್ರಶ್ನೆ

ಒಂದೇ ಸೂರನ್ನು ಹೊತ್ತಿಗೆ ತಕ್ಕಂತೆ ಹಂಚಿಕೊಳ್ಳುವುದು ಮುಂಬಯಿಗೆ ಹೊಸತೇನಲ್ಲ. ಗಿರಣಗಾಂವ್ ಎಂದೇ ಹೆಸರಾದ ಪರೇಲ್, ಲಾಲ್‌ಬಾಗ್, ವರ್ಲಿ ಭಾಗದ ಚಾಳುಗಳಲ್ಲಿ ಹತ್ತಿ ಗಿರಣಿಗಳ ಕಾರ್ಮಿಕರು ಪಾಳಿಯ ಪ್ರಕಾರ ಕೋಣೆಯನ್ನು ಬಳಸುತ್ತಿದ್ದರು. ಹಗಲು ಪಾಳಿಯವನು ಎದ್ದು ಹೊರಟ ಜಾಗದಲ್ಲಿ ರಾತ್ರಿ ಪಾಳಿ ಮುಗಿಸಿದವನು ಬಂದು ಮಲಗುತ್ತಿದ್ದ. ಗಿರಣಿಯ ಭೋಂಗಾ ಕೂಗಿದಾಗ ಎಲ್ಲರಿಗೂ ಹೊತ್ತು ತಿಳಿಯುತ್ತಿತ್ತು. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ನಮ್ಮ ಹಿರಿಯರಿಗೂ ಈ ಬಗೆಯ ಬಾಳು ಪರಿಚಿತವೇ. ಈ ಹಂಚಿಕೆ ಸುಸೂತ್ರವಾಗಿ ನಡೆಯುತ್ತಿದ್ದುದಕ್ಕೆ ಕಾರಣ, ಯಾರು ಯಾವಾಗ ಬರುತ್ತಾರೆ, ಯಾವಾಗ ಹೊರಡುತ್ತಾರೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತಿದ್ದುದು. ಇಂದಿನ ಚೆಕ್-ಇನ್, ಚೆಕ್-ಔಟ್ ವ್ಯವಸ್ಥೆಯ ತಿರುಳೂ ಅದೇ.

ಎರಡು ಪದ್ಧತಿಗಳು

ನಮ್ಮಲ್ಲಿ ಎರಡು ಪದ್ಧತಿಗಳಿವೆ. ಒಂದು, ಕರ್ನಾಟಕದ ಅನೇಕ ಲಾಡ್ಜುಗಳ ಫಲಕದಲ್ಲಿ ಕಾಣುವ 24 ಗಂಟೆಯ ಪದ್ಧತಿ. ಅತಿಥಿ ಯಾವ ಹೊತ್ತಿಗೆ ಬಂದರೂ ಅಲ್ಲಿಂದ 24 ಗಂಟೆಗಳವರೆಗೆ ಕೋಣೆ ಅವರದು. ಇನ್ನೊಂದು, ಹೊರಡುವ ಹೊತ್ತನ್ನೂ ಬರುವ ಹೊತ್ತನ್ನೂ ಎಲ್ಲರಿಗೂ ಒಂದೇ ಆಗಿ ಇರಿಸುವ ಪದ್ಧತಿ. ಇದರಲ್ಲಿ ಬೆಳಿಗ್ಗೆ 10 ಅಥವಾ 11ಕ್ಕೆ ನಿರ್ಗಮನ, ಮಧ್ಯಾಹ್ನ 1ರಿಂದ 3ರೊಳಗೆ ಪ್ರವೇಶ ಎಂಬುದು ರೂಢಿ.

24 ಗಂಟೆಯ ಪದ್ಧತಿ ಅತಿಥಿಗೆ ನ್ಯಾಯವಾಗಿ ಕಾಣುತ್ತದೆ. ಹತ್ತಾರು ಕೋಣೆಗಳಿದ್ದು, ದಿನವಿಡೀ ಕೆಲಸಗಾರರಿರುವ ಲಾಡ್ಜಿಗೆ ಅದು ಹೊಂದುತ್ತದೆ. ಆದರೆ ಒಂದೇ ಫ್ಲ್ಯಾಟ್ ಇರುವವರಿಗೆ ತೊಡಕು. ಸೋಮವಾರ ಬೆಳಿಗ್ಗೆ 7ಕ್ಕೆ ಬಂದವರು ಮಂಗಳವಾರ 7ಕ್ಕೆ ಹೊರಡುತ್ತಾರೆ, ಮುಂದಿನವರು 11ಕ್ಕೆ ಬರುತ್ತಾರೆ, ಅವರು ಬುಧವಾರ 11ಕ್ಕೆ ಹೊರಟರೆ ಅಂದು ಬೆಳಿಗ್ಗೆ 7ಕ್ಕೆ ರೈಲಿಳಿಯುವ ಮೂರನೆಯವರಿಗೆ ಮನೆ ಸಿಗುವುದಿಲ್ಲ. ಹೀಗೆ ವೇಳೆ ದಿನದಿಂದ ದಿನಕ್ಕೆ ಸರಿಯುತ್ತ ಹೋಗಿ, ಕೆಲಸದ ಬಾಯಿಗೆ ಇಂತಿಷ್ಟು ಹೊತ್ತಿಗೆ ಬಾ ಎಂದು ಹೇಳುವುದೂ ಕಷ್ಟವಾಗುತ್ತದೆ. ಆದ್ದರಿಂದ ಒಂದೆರಡು ಮನೆಗಳನ್ನು ಕೊಡುವವರಿಗೆ ನಿಶ್ಚಿತ ವೇಳೆಯೇ ಮೇಲು. ಆದರೆ ಆ ವೇಳೆಯನ್ನು ಬೇರೆ ಊರಿನ ಹೋಟೆಲುಗಳನ್ನು ನೋಡಿ ಎರವಲು ಪಡೆಯದೆ, ಮುಂಬಯಿಯ ದಿನಚರಿಯನ್ನು ನೋಡಿ ನಿರ್ಧರಿಸಬೇಕು.

ನಡುವಿನ ಮೂರು ಗಂಟೆ

ಒಬ್ಬರು ಹೊರಟು ಇನ್ನೊಬ್ಬರು ಬರುವ ನಡುವೆ ಎಷ್ಟು ಅಂತರವಿರಬೇಕು? ಒಂದು ಬೆಡ್‌ರೂಮಿನ ಫ್ಲ್ಯಾಟಿನ ಲೆಕ್ಕ ಹಾಕೋಣ. ಅತಿಥಿ ತಡಮಾಡುವುದಕ್ಕೆ, ಕೀಲಿಕೈ ಪಡೆದು ಮನೆ ನೋಡಿಕೊಳ್ಳುವುದಕ್ಕೆ ಅರ್ಧ ಗಂಟೆ. ಗುಡಿಸಿ ಒರೆಸಿ ಅಡುಗೆಮನೆ, ಸ್ನಾನಗೃಹ ತೊಳೆಯಲು ಒಂದೂವರೆ ಗಂಟೆ. ಹಾಸಿಗೆಗೆ ಹೊಸ ಚಾದರ ಹಾಸಿ, ಗೀಸರ್, ಗ್ಯಾಸ್, ಫ್ಯಾನುಗಳನ್ನು ಪರೀಕ್ಷಿಸಲು ಅರ್ಧ ಗಂಟೆ. ಅನಿರೀಕ್ಷಿತ ದುರಸ್ತಿಗೆಂದು ಇನ್ನರ್ಧ ಗಂಟೆ. ಒಟ್ಟು ಮೂರು ಗಂಟೆ. ಹಾಗಾಗಿ 10ಕ್ಕೆ ನಿರ್ಗಮನವಾದರೆ 1ಕ್ಕೆ ಪ್ರವೇಶ ಎಂಬುದು ನಿಭಾಯಿಸಬಲ್ಲ ಮಾತು. ಚಾದರ, ಟವೆಲುಗಳನ್ನು ತೊಳೆದು ಒಣಗಿಸುವುದು ಈ ಮೂರು ಗಂಟೆಯಲ್ಲಿ ಆಗದು. ಮಳೆಗಾಲದಲ್ಲಂತೂ ದಿನಪೂರ್ತಿ ಹರಡಿದರೂ ಬಟ್ಟೆ ಒಣಗುವುದಿಲ್ಲ. ಆದ್ದರಿಂದ ಹಾಸಿಗೆಯ ಮೇಲೊಂದು, ಒಗೆತದಲ್ಲೊಂದು, ಕಪಾಟಿನಲ್ಲೊಂದು ಎಂಬಂತೆ ಮೂರು ಜೊತೆ ಇರಲೇಬೇಕು.

ಇಲ್ಲಿ ನೀರಿನ ಪ್ರಶ್ನೆಯೂ ಇದೆ. ಮಹಾನಗರಪಾಲಿಕೆಯ ನೀರು ಆಯಾ ವಿಭಾಗಕ್ಕೆ ಗೊತ್ತಾದ ಹೊತ್ತಿನಲ್ಲಿ ಮಾತ್ರ ಬರುತ್ತದೆ. ಅನೇಕ ಸೊಸೈಟಿಗಳು ಮೇಲಿನ ಟಾಕಿಯಿಂದಲೂ ಬೆಳಿಗ್ಗೆ ಸಂಜೆ ಕೆಲವೇ ಗಂಟೆ ನೀರು ಬಿಡುತ್ತವೆ. ನಿಮ್ಮ ಕಟ್ಟಡದಲ್ಲಿ 9ಕ್ಕೆ ನೀರು ನಿಲ್ಲುವುದಾದರೆ 11ಕ್ಕೆ ಮನೆ ಖಾಲಿ ಮಾಡಿಸಿ ಪ್ರಯೋಜನವೇನು? ಒಂದೋ ನೀರು ತುಂಬಿಡುವ ಏರ್ಪಾಡಿರಬೇಕು, ಇಲ್ಲವೇ ವೇಳೆಯನ್ನು ನೀರಿಗೆ ಹೊಂದಿಸಬೇಕು. ಕೆಲಸದ ಬಾಯಿ ನಿಮ್ಮ ಮನೆಯೊಂದಕ್ಕೇ ಬರುವವಳಲ್ಲ. ಅವಳ ಇತರ ಮನೆಗಳ ಕೆಲಸ ಮುಗಿಯುವ ಹೊತ್ತನ್ನು ಕೇಳಿ ತಿಳಿದುಕೊಂಡ ಬಳಿಕವೇ ನಿರ್ಗಮನದ ವೇಳೆಯನ್ನು ಗೊತ್ತುಪಡಿಸುವುದು ಜಾಣತನ.

ರೈಲಿನ ವೇಳೆ, ಊರಿನ ವೇಳೆ

ಊರಿನ ಅತಿಥಿಯ ದಿನಚರಿಯನ್ನು ನಿರ್ಧರಿಸುವುದು ರೈಲು. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣವಾಗಿ ಲೋಕಾರ್ಪಣೆಗೊಂಡ ಮೇಲೆ ಕರಾವಳಿಯವರ ಮುಂಬಯಿ ಪಯಣ ಒಂದು ರಾತ್ರಿಯದಾಯಿತು. ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಮಂಗಳೂರಿನಿಂದ ಮಧ್ಯಾಹ್ನ ಹೊರಟು ಮರುದಿನ ಮುಂಜಾನೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ತಲಪುತ್ತದೆ. ಮುಂಬಯಿಯಿಂದ ಮರಳುವಾಗಲೂ ಮಧ್ಯಾಹ್ನದ ನಂತರವೇ ಹೊರಡುತ್ತದೆ. ಸೊಲ್ಲಾಪುರದ ಸಿದ್ಧೇಶ್ವರ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಬೆಳಿಗ್ಗೆ ಇಲ್ಲಿರುತ್ತದೆ. ಹುಬ್ಬಳ್ಳಿ, ಬೆಳಗಾವಿಯ ಸ್ಲೀಪರ್ ಬಸ್ಸುಗಳದೂ ಇದೇ ಕ್ರಮ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಮಾತ್ರ ರಾತ್ರಿ ಹೊರಟು ಮರುದಿನ ಸಂಜೆ ಕಳೆಯುವ ಹೊತ್ತಿಗೆ ಬರುತ್ತದೆ.

ಅಂದರೆ ನಮ್ಮವರಲ್ಲಿ ಬಹುತೇಕರು ಬೆಳಿಗ್ಗೆ 6ರಿಂದ 8ರೊಳಗೆ ಬರುತ್ತಾರೆ, ಮಧ್ಯಾಹ್ನದ ನಂತರ ಇಲ್ಲವೇ ರಾತ್ರಿ ಹೊರಡುತ್ತಾರೆ. 1 ಗಂಟೆಯ ಪ್ರವೇಶವೆಂದರೆ ಬೆಳಿಗ್ಗೆ ಆರೂವರೆಗೆ ಇಳಿದವರು ಆರೂವರೆ ಗಂಟೆ ಕಾಯಬೇಕು. ಇದಕ್ಕೆ ಪರಿಹಾರಗಳು ಮೂರು. ಮೊದಲನೆಯದು, ಹಿಂದಿನ ರಾತ್ರಿ ಮನೆ ಖಾಲಿಯಿದ್ದರೆ ಮುಂಜಾನೆಯೇ ಬಾಗಿಲು ತೆರೆಯುವುದು. ಇದರಿಂದ ಮನೆಯವರಿಗೆ ನಷ್ಟವೇನೂ ಇಲ್ಲ. ಎರಡನೆಯದು, ಹಿಂದಿನ ರಾತ್ರಿಯನ್ನು ಅರ್ಧ ಬಾಡಿಗೆಗೆ ಕಾದಿರಿಸುವುದು. ಮೂರನೆಯದು, ಮನೆ ಸಿದ್ಧವಾಗುವವರೆಗೆ ಸಾಮಾನು ಇಡಲು, ಮುಖ ತೊಳೆಯಲು ಸ್ಥಳ ತೋರಿಸುವುದು. ದೊಡ್ಡ ರೈಲು ನಿಲ್ದಾಣಗಳ ಕ್ಲೋಕ್ ರೂಮುಗಳಲ್ಲಿ ಬೀಗ ಹಾಕಿದ ಪೆಟ್ಟಿಗೆಗಳನ್ನು ಇಡಬಹುದು, ಪ್ರಯಾಣದ ಟಿಕೇಟು ಜೊತೆಗಿರಬೇಕು. ಕೆಲವೇ ಗಂಟೆ ಮಲಗಲು ಮುಂಬಯಿ ಸೆಂಟ್ರಲ್ ನಿಲ್ದಾಣದಲ್ಲಿ 2021ರ ನವೆಂಬರಿನಲ್ಲಿ ಪಾಡ್ ಹೋಟೆಲ್ ಆರಂಭವಾಗಿದೆ.

ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ. 2025ರಲ್ಲಿ ಅದು ಜೂನ್ 15ರಿಂದ ಅಕ್ಟೋಬರ್ 20ರವರೆಗೆ ಜಾರಿಯಲ್ಲಿತ್ತು. ಆ ತಿಂಗಳುಗಳಲ್ಲಿ ರೈಲುಗಳು ನಿಧಾನವಾಗಿ ಸಾಗುತ್ತವೆ. ಮುಂಬಯಿಯಲ್ಲಿಯೂ ಭರತದ ಹೊತ್ತಿಗೆ ಜಡಿಮಳೆ ಸುರಿದರೆ ಹಿಂದ್‌ಮಾತಾ, ಸಯನ್, ಕುರ್ಲಾ ಜಲಾವೃತವಾಗುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದುದನ್ನು ಯಾರು ಮರೆತಾರು? ಅಂತಹ ದಿನಗಳಲ್ಲಿ 10 ಗಂಟೆಯ ನಿಯಮವನ್ನು ಹಿಡಿದು ಕೂರುವುದು ಸಲ್ಲದು.

ಲೋಕಲ್ ರೈಲಿನ ಲೆಕ್ಕವೂ ಇರಲಿ. ಬೆಳಿಗ್ಗೆ 8ರಿಂದ 11ರವರೆಗೆ ದಕ್ಷಿಣ ಮುಂಬಯಿಯ ಕಡೆಗೆ, ಸಂಜೆ 5ರಿಂದ 9ರವರೆಗೆ ಉಪನಗರಗಳ ಕಡೆಗೆ ಪೆಟ್ಟಿಗೆ ಹಿಡಿದು ಹತ್ತುವುದು ಹೊಸಬರಿಗೆ ಅಸಾಧ್ಯ. ಡೊಂಬಿವಲಿಯಲ್ಲಿ ತಂಗಿದವರನ್ನು 9ಕ್ಕೆ ಹೊರಡಿಸಿದರೆ ಜನಜಂಗುಳಿಯ ನಡುವೆಯೇ ಹೊರಡಿಸಿದಂತೆ, 11ಕ್ಕೆ ಬಿಟ್ಟರೆ ಅವರು ನೆಮ್ಮದಿಯಿಂದ ಹೋದಾರು. ರವಿವಾರಗಳಂದು ಮೆಗಾ ಬ್ಲಾಕ್ ಇರುವುದರಿಂದ ಇನ್ನೂ ಒಂದು ಗಂಟೆ ಹೆಚ್ಚು ಬೇಕು.

ರೋಗಿಯ ಮನೆಯವರು

ಈ ಲೆಕ್ಕಾಚಾರದಲ್ಲಿ ಅತ್ಯಂತ ಸೂಕ್ಷ್ಮವಾದುದು ಚಿಕಿತ್ಸೆಗೆ ಬರುವವರ ವಿಷಯ. 1941ರಲ್ಲಿ ಪರೇಲ್‌ನಲ್ಲಿ ಆರಂಭಗೊಂಡ ಟಾಟಾ ಸ್ಮಾರಕ ಆಸ್ಪತ್ರೆಗೆ ದೇಶದ ಮೂಲೆಮೂಲೆಗಳಿಂದ ಕ್ಯಾನ್ಸರ್ ರೋಗಿಗಳು ಬರುತ್ತಾರೆ. ದಾದರ್‌ನ ಸಂತ ಗಾಡ್ಗೆ ಮಹಾರಾಜ್ ಧರ್ಮಶಾಲೆಯಂತಹ ಪುಣ್ಯಕ್ಷೇತ್ರಗಳು ಅನೇಕರಿಗೆ ಆಸರೆಯಾಗಿದ್ದರೂ ಬರುವವರ ಸಂಖ್ಯೆಗೆ ಅವು ಸಾಲುವುದಿಲ್ಲ. ಹೀಗಾಗಿ ಅಲ್ಪಾವಧಿಯ ಬಾಡಿಗೆ ಮನೆಗಳೇ ಅವರಿಗೆ ದಾರಿ.

ಇಲ್ಲಿ ಒಂದು ಇಕ್ಕಟ್ಟಿದೆ. ದಣಿದ ರೋಗಿಗೆ ಬೇಗ ಪ್ರವೇಶ ಬೇಕು. ಆದರೆ ಚಿಕಿತ್ಸೆಯಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಎಲ್ಲರಿಗಿಂತ ಹೆಚ್ಚು ಶುಚಿಯಾದ ಕೋಣೆಯೂ ಬೇಕು. ಶುಚಿತ್ವದ ಆ ಮೂರು ಗಂಟೆಯನ್ನು ಕತ್ತರಿಸಿ ಬೇಗ ಬಾಗಿಲು ತೆರೆದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಆದ್ದರಿಂದ ರೋಗಿ ಬರುವರೆಂದು ತಿಳಿದಾಗ ಹಿಂದಿನ ರಾತ್ರಿ ಮನೆಯನ್ನು ಬೇರೆಯವರಿಗೆ ಕೊಡದೆ ಖಾಲಿ ಇರಿಸಿ, ಸಂಜೆಯೇ ಶುಚಿಗೊಳಿಸಿಡುವುದು ಸರಿಯಾದ ಮಾರ್ಗ. ಆ ರಾತ್ರಿಯ ಹೊರೆಯನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡರೆ ಯಾರಿಗೂ ಭಾರವಾಗದು.

ಹೊರಡುವ ದಿನದ ಬಗ್ಗೆಯೂ ಎಚ್ಚರ ಬೇಕು. ಬೆಳಿಗ್ಗೆ ಕಿಮೋಥೆರಪಿಗೆ ಹೋದವರು ಸಂಜೆ ಸುಸ್ತಾಗಿ ಮರಳುತ್ತಾರೆ. ಆ ದಿನವೇ ಮನೆ ಬಿಡಬೇಕೆಂದರೆ ಅವರು ಆಸ್ಪತ್ರೆಯಿಂದ ನೇರ ರೈಲು ಹತ್ತಬೇಕಾದೀತು. ಚಿಕಿತ್ಸೆಯ ದಿನವನ್ನೂ ಅದರ ಮರುದಿನವನ್ನೂ ಸೇರಿಸಿಯೇ ಮನೆ ಕಾದಿರಿಸಬೇಕೆಂದು ಬರುವ ಬಂಧುಗಳಿಗೆ ನಾವು ಮೊದಲೇ ತಿಳಿಸುವುದು ಒಳಿತು. ವರದಿಗಾಗಿ ಇನ್ನೊಂದು ದಿನ ನಿಲ್ಲಬೇಕಾಗಿ ಬರುವುದೂ ಉಂಟು. ಮುಂದಿನ ಅತಿಥಿಯನ್ನು ಮರುದಿನವೇ ಒಪ್ಪಿಕೊಳ್ಳದಿದ್ದರೆ ಆ ಸಂದರ್ಭವನ್ನೂ ನಿಭಾಯಿಸಬಹುದು.

ರಾತ್ರಿಯ ಅತಿಥಿ, ಸೊಸೈಟಿ ಮತ್ತು ಕಾನೂನು

ಗಲ್ಫ್ ದೇಶಗಳಿಂದ ಬರುವ ವಿಮಾನಗಳಲ್ಲಿ ಹಲವು ನಡುರಾತ್ರಿ ಕಳೆದು ಇಳಿಯುತ್ತವೆ. ರಾತ್ರಿ ಸುಮಾರು 1ರಿಂದ 4ರವರೆಗೆ ಲೋಕಲ್ ರೈಲುಗಳೂ ಇರುವುದಿಲ್ಲ. ನವಿ ಮುಂಬಯಿ ವಿಮಾನ ನಿಲ್ದಾಣದಿಂದ 2025ರ ಡಿಸೆಂಬರ್ 25ರಂದು ವಿಮಾನ ಸಂಚಾರ ಆರಂಭಗೊಂಡಿರುವುದರಿಂದ, ಎಷ್ಟು ಗಂಟೆಗೆ ಎಂಬುದರ ಜೊತೆಗೆ ಯಾವ ನಿಲ್ದಾಣಕ್ಕೆ ಎಂಬುದನ್ನೂ ಕೇಳಬೇಕು. ಅಂಧೇರಿಯಲ್ಲಿ ಮನೆ ಹಿಡಿದವರು ಉಲ್ವೆಯಲ್ಲಿ ಇಳಿದರೆ ಎಲ್ಲ ಲೆಕ್ಕ ತಲೆಕೆಳಗು. ರಾತ್ರಿ 10ರ ಬಳಿಕ ಬರುವವರ ಹೆಸರನ್ನು ವಾಚ್‌ಮನ್‌ಗೆ ಬರೆದುಕೊಟ್ಟಿರಬೇಕು. ಕೀಲಿಕೈಗಾಗಿ ನೆರೆಮನೆಯವರ ಬಾಗಿಲು ತಟ್ಟುವಂತೆ ಆಗಬಾರದು. ಸೊಸೈಟಿಗಳಲ್ಲಿ ದೂರು ಹುಟ್ಟುವುದೇ ಇಂತಹ ಅಪರಾತ್ರಿಯ ಗದ್ದಲದಿಂದ.

ವೇಳೆ ಗೊತ್ತುಪಡಿಸುವ ಮೊದಲು ಸೊಸೈಟಿಯ ಉಪನಿಯಮಗಳನ್ನು ಓದಿ ಸಮಿತಿಯೊಂದಿಗೆ ಮಾತಾಡಿಕೊಳ್ಳಬೇಕು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನಂತೆ ಲೀವ್ ಅಂಡ್ ಲೈಸೆನ್ಸ್ ಒಪ್ಪಂದವು ಬರಹದಲ್ಲಿದ್ದು ನೋಂದಣಿಯಾಗಬೇಕು, ಅದು ಮನೆಯ ಮಾಲಕರ ಹೊಣೆ. ದಿನಗಳ ಲೆಕ್ಕದಲ್ಲಿ ಕೊಡುವ ಮನೆಗೆ ಯಾವ ಕ್ರಮ ಅನ್ವಯಿಸುತ್ತದೆ ಎಂಬುದನ್ನು ವಕೀಲರಲ್ಲಿ ಕೇಳಿ ಖಚಿತಪಡಿಸಿಕೊಳ್ಳುವುದು ಕ್ಷೇಮಕರ. ವಿದೇಶಿ ಪಾಸ್‌ಪೋರ್ಟ್ ಹೊಂದಿದವರು ತಂಗಿದರೆ 24 ಗಂಟೆಗಳೊಳಗೆ ಸಂಬಂಧಪಟ್ಟ ನೋಂದಣಿ ಅಧಿಕಾರಿಗೆ ಆನ್‌ಲೈನ್ ಮೂಲಕ ತಿಳಿಸಬೇಕು. ಆದ್ದರಿಂದ ಅವರು ಒಳಬಂದ ವೇಳೆಯನ್ನು ಬರೆದಿಡುವುದು ಅಗತ್ಯ.

ಮಾತು ಮೊದಲೇ ಆಡಿರಲಿ

ಕೊನೆಯದಾಗಿ, ಎಷ್ಟೇ ಯೋಚಿಸಿ ಗೊತ್ತುಮಾಡಿದ ವೇಳೆಯೂ ಅತಿಥಿಗೆ ತಿಳಿಯದಿದ್ದರೆ ವ್ಯರ್ಥ. ಮುಂಗಡ ಹಣ ಪಡೆಯುವ ಮೊದಲೇ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕಳಿಸಬೇಕು: “ಮನೆ ಮಧ್ಯಾಹ್ನ 1ಕ್ಕೆ ಸಿದ್ಧ. ಬೆಳಿಗ್ಗೆ ಬರುವುದಿದ್ದರೆ ಎರಡು ದಿನ ಮೊದಲು ತಿಳಿಸಿ. ಹೊರಡುವ ದಿನ ಬೆಳಿಗ್ಗೆ 10. ಸಂಜೆಯವರೆಗೆ ಇರಬೇಕಾದರೆ ಅರ್ಧ ಬಾಡಿಗೆ, ಬೇರೆ ಅತಿಥಿ ಇಲ್ಲದಿದ್ದರೆ ಮಾತ್ರ.” ಹೊರಡುವ ಹಿಂದಿನ ಸಂಜೆ ಮತ್ತೊಮ್ಮೆ ನೆನಪಿಸಿದರೆ ಸಂಕೋಚಪಡುವ ಪ್ರಸಂಗವೇ ಬಾರದು. ಬಂಧುಗಳಾದರೂ ಅಷ್ಟೇ. ನಮ್ಮವರೆಂಬ ಸಲಿಗೆಯಲ್ಲಿ ಹೇಳದೆ ಬಿಟ್ಟ ಮಾತೇ ಮುಂದೆ ಮುನಿಸಿಗೆ ಕಾರಣವಾಗುವುದನ್ನು ನಾವೆಲ್ಲ ಬಲ್ಲೆವು.

ಹೊರನಾಡಿನಲ್ಲಿ ನೆಲೆ ಕಂಡ ನಮಗೆ ಮೊದಲ ರಾತ್ರಿ ಸೂರು ಕೊಟ್ಟವರು ಯಾರೋ ಒಬ್ಬ ಊರಿನವರೇ. ಇಂದು ಸೂರಿಗೆ ಬಾಡಿಗೆ ಪಡೆಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆರೂವರೆಯ ರೈಲಿಗೆ ಇಳಿಯುವವರನ್ನು ನೆನೆದು ವೇಳೆಯನ್ನು ಗೊತ್ತುಪಡಿಸಿದರೆ ವ್ಯವಹಾರವೂ ಉಳಿದೀತು, ಆತಿಥ್ಯವೂ ಉಳಿದೀತು ಎಂಬುದು ನಮ್ಮ ನಂಬಿಕೆ.