ಸ್ಥೂಲಕಾಯದ ರೋಗಿಗೆ ಟ್ರೇಕಿಯಾಸ್ಟಮಿ: ಎಷ್ಟು ಸುರಕ್ಷಿತ?

ತೀವ್ರ ನಿಗಾ ಘಟಕದಲ್ಲಿ ವೆಂಟಿಲೇಟರ್ ಆಶ್ರಯದಲ್ಲಿರುವ ರೋಗಿಯ ಬಂಧುಗಳ ಮುಂದೆ ವಾರ, ಹತ್ತು ದಿನ ಕಳೆಯುವಷ್ಟರಲ್ಲಿ ವೈದ್ಯರು ಒಪ್ಪಿಗೆ ಪತ್ರವೊಂದನ್ನು ಇಡುವುದುಂಟು. ಬಾಯಿಯ ಮೂಲಕ ಹಾಕಿದ ನಳಿಕೆಯನ್ನು ತೆಗೆದು, ಕುತ್ತಿಗೆಯ ಮುಂಭಾಗದಲ್ಲಿ ರಂಧ್ರ ಮಾಡಿ, ಶ್ವಾಸನಾಳಕ್ಕೆ ನೇರವಾಗಿ ನಳಿಕೆ ಅಳವಡಿಸಬೇಕು ಎಂಬುದು ಅದರ ಸಾರಾಂಶ. ಇದೇ ಟ್ರೇಕಿಯಾಸ್ಟಮಿ. ರೋಗಿ ಸ್ಥೂಲಕಾಯದವರಾಗಿದ್ದರೆ 'ಅಪಾಯ ಸ್ವಲ್ಪ ಹೆಚ್ಚು' ಎಂಬ ಮಾತೂ ಜೊತೆಗೆ ಬರುತ್ತದೆ. ಆ ಅಪಾಯ ಯಾವುದು, ಅದನ್ನು ತಗ್ಗಿಸುವುದು ಹೇಗೆ ಎಂಬುದನ್ನು ಸಹಿ ಹಾಕುವ ಮುನ್ನ ಬಂಧುಗಳು ಅರಿತಿರುವುದು ಒಳ್ಳೆಯದು.

ಸೂಜಿ ಮತ್ತು ತಂತಿಯ ವಿಧಾನ

ಹಿಂದೆ ರೋಗಿಯನ್ನು ಶಸ್ತ್ರಚಿಕಿತ್ಸಾ ಕೊಠಡಿಗೆ ಸಾಗಿಸಿ, ಕುತ್ತಿಗೆಯನ್ನು ಪದರ ಪದರವಾಗಿ ಬಿಡಿಸಿ ಈ ರಂಧ್ರ ಮಾಡಲಾಗುತ್ತಿತ್ತು. 1985ರಲ್ಲಿ ಅಮೆರಿಕದ ಶಸ್ತ್ರವೈದ್ಯ ಪಾಸ್ಕ್ವಾಲೆ ಸಿಯಾಗ್ಲಿಯಾ ಮತ್ತೊಂದು ಮಾರ್ಗವನ್ನು ಪ್ರಕಟಿಸಿದರು. ಸೂಜಿಯಿಂದ ಶ್ವಾಸನಾಳವನ್ನು ಚುಚ್ಚಿ, ಅದರೊಳಗಿನಿಂದ ತೆಳುವಾದ ತಂತಿ ಇಳಿಸಿ, ಆ ತಂತಿಯ ಜಾಡಿನಲ್ಲೇ ರಂಧ್ರವನ್ನು ಹಿಗ್ಗಿಸಿ ನಳಿಕೆ ಕೂರಿಸುವುದು ಈ 'ಪರ್ಕ್ಯುಟೇನಿಯಸ್' ವಿಧಾನ. ಹಾಸಿಗೆಯ ಬಳಿಯೇ ಮಾಡಬಹುದಾದ್ದರಿಂದ ಇದು ವ್ಯಾಪಕವಾಗಿ ಬಳಕೆಗೆ ಬಂದಿತು.

ಕೊಬ್ಬು ಒಡ್ಡುವ ಅಡ್ಡಿ

ಸ್ಥೂಲಕಾಯದವರ ಕುತ್ತಿಗೆಯಲ್ಲಿ ಶ್ವಾಸನಾಳ ಆಳದಲ್ಲಿರುತ್ತದೆ. ವೈದ್ಯರು ಬೆರಳಿನಿಂದ ಮುಟ್ಟಿ ಗುರುತಿಸುವ ಉಂಗುರಗಳು ಸುಲಭವಾಗಿ ಸಿಗುವುದಿಲ್ಲ. ಸಾಮಾನ್ಯ ಅಳತೆಯ ನಳಿಕೆ ಚಿಕ್ಕದಾಗಿ, ಅದರ ತುದಿ ಶ್ವಾಸನಾಳದಿಂದ ಹೊರಜಾರಬಹುದು. ಇಂಥವರ ದೇಹದಲ್ಲಿ ಆಮ್ಲಜನಕದ ದಾಸ್ತಾನೂ ಕಡಿಮೆ. ಉಸಿರಾಟ ಕ್ಷಣಕಾಲ ನಿಂತರೂ ರಕ್ತದಲ್ಲಿನ ಆಮ್ಲಜನಕ ಬೇಗನೆ ಕುಸಿಯುತ್ತದೆ.

ಅಧ್ಯಯನಗಳು ಹೇಳುವುದೇನು?

2005ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದು ಈ ವಿಧಾನಕ್ಕೆ ಒಳಗಾದ 474 ರೋಗಿಗಳನ್ನು ಪರಿಶೀಲಿಸಿತು. ದೇಹತೂಕ ಸೂಚ್ಯಂಕ (ಬಿಎಂಐ) 27.5 ಅಥವಾ ಅದಕ್ಕಿಂತ ಹೆಚ್ಚಿದ್ದ 73 ಮಂದಿಯಲ್ಲಿ ಶೇ. 43.8ರಷ್ಟು ಜನರಿಗೆ ತೊಡಕುಗಳು ಕಂಡುಬಂದವು. ಉಳಿದವರಲ್ಲಿ ಈ ಪ್ರಮಾಣ ಶೇ. 18.2 ಮಾತ್ರ. ಆದರೆ ಮರುವರ್ಷವೇ ಬಂದ ಅಮೆರಿಕದ ಅಧ್ಯಯನವೊಂದು, ತೀವ್ರ ಸ್ಥೂಲಕಾಯದವರಲ್ಲೂ ಇದು ತೆರೆದ ಶಸ್ತ್ರಚಿಕಿತ್ಸೆಯಷ್ಟೇ ಸುರಕ್ಷಿತ ಎಂದಿತು.

ಹಾಗಾದರೆ ತೆರೆದ ಶಸ್ತ್ರಚಿಕಿತ್ಸೆಯೇ ಲೇಸೆ? ಅದೂ ನಿರಪಾಯಕಾರಿಯಲ್ಲ. 2007ರ ಮತ್ತೊಂದು ಅಮೆರಿಕನ್ ಅಧ್ಯಯನದಲ್ಲಿ, ತೆರೆದ ಶಸ್ತ್ರಚಿಕಿತ್ಸೆಗೆ ಒಳಗಾದ ಅತಿ ಸ್ಥೂಲಕಾಯದವರ ಪೈಕಿ ಶೇ. 25ರಷ್ಟು, ಇತರರ ಪೈಕಿ ಶೇ. 14ರಷ್ಟು ಮಂದಿ ತೊಡಕು ಎದುರಿಸಿದರು. ತೊಡಕು ಎಂದರೇನು, ಸ್ಥೂಲಕಾಯ ಎಂದರೆಷ್ಟು ಎಂಬ ವ್ಯಾಖ್ಯೆ ಅಧ್ಯಯನದಿಂದ ಅಧ್ಯಯನಕ್ಕೆ ಬೇರೆಯಾದ್ದರಿಂದ ಈ ಅಂಕಿಗಳನ್ನು ಒಂದಕ್ಕೊಂದು ನೇರವಾಗಿ ಹೋಲಿಸಲಾಗದು. ಬೊಜ್ಜು ಎರಡೂ ವಿಧಾನಗಳನ್ನು ಕಠಿಣಗೊಳಿಸುತ್ತದೆ ಎಂಬುದಂತೂ ಸ್ಪಷ್ಟ.

ನಂತರದ ದಿನಗಳೇ ನಿರ್ಣಾಯಕ

ರಂಧ್ರ ಮಾಡಿ ಮುಗಿಸಿದೊಡನೆ ಅಪಾಯ ಕಳೆಯುವುದಿಲ್ಲ. ಬ್ರಿಟನ್ನಿನಲ್ಲಿ 2011ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು, ತೀವ್ರ ನಿಗಾ ಘಟಕಗಳಲ್ಲಿ ಉಸಿರಾಟದ ಮಾರ್ಗಕ್ಕೆ ಸಂಬಂಧಿಸಿದ ಗಂಭೀರ ಅನಾಹುತಗಳಿಗೆ ಟ್ರೇಕಿಯಾಸ್ಟಮಿ ನಳಿಕೆ ಜಾರುವುದು ಪ್ರಮುಖ ಕಾರಣವೆಂದೂ, ಸ್ಥೂಲಕಾಯದವರಲ್ಲಿ ಇದು ಹೆಚ್ಚೆಂದೂ ತಿಳಿಸಿತು. ಸೂಜಿ ವಿಧಾನದ ರಂಧ್ರ ಗಟ್ಟಿಯಾಗಲು ಏಳರಿಂದ ಹತ್ತು ದಿನ ಬೇಕು. ಅದಕ್ಕೆ ಮೊದಲೇ ನಳಿಕೆ ಹೊರಬಂದರೆ ಮಾರ್ಗ ಮುಚ್ಚಿಕೊಳ್ಳಬಹುದು. ಆಗ ಅಲ್ಲೇ ಬಲವಂತವಾಗಿ ತುರುಕುವ ಬದಲು ಬಾಯಿಯ ಮೂಲಕ ನಳಿಕೆ ಹಾಕುವುದೇ ಸಾಮಾನ್ಯವಾಗಿ ಸುರಕ್ಷಿತ.

ಬಂಧುಗಳು ಕೇಳಬೇಕಾದ್ದು

ಕುತ್ತಿಗೆಯ ರಕ್ತನಾಳಗಳನ್ನೂ ಶ್ವಾಸನಾಳದ ಆಳವನ್ನೂ ಅಲ್ಟ್ರಾಸೌಂಡ್‌ನಲ್ಲಿ ನೋಡಲಾಗಿದೆಯೇ? ಸೂಜಿ ಸರಿಯಾದ ಜಾಗಕ್ಕೆ ಇಳಿದುದನ್ನು ಬ್ರಾಂಕೋಸ್ಕೋಪ್‌ನಿಂದ ಒಳಗಿನಿಂದಲೇ ಖಚಿತಪಡಿಸಿಕೊಳ್ಳುತ್ತಾರೆಯೇ? ಉದ್ದದ ನಳಿಕೆ ಲಭ್ಯವಿದೆಯೇ? ಉಸಿರಿನಲ್ಲಿ ಹೊರಬರುವ ಇಂಗಾಲದ ಡೈ ಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ಸದಾ ಜೋಡಿಸಿರುತ್ತದೆಯೇ? ಮಧ್ಯರಾತ್ರಿ ನಳಿಕೆ ಜಾರಿದರೆ ಯಾರು ಬರುತ್ತಾರೆ?

ವೆಂಟಿಲೇಟರ್‌ನಲ್ಲಿರುವ ರೋಗಿಗೆ ಟ್ರೇಕಿಯಾಸ್ಟಮಿ ಬಹುತೇಕ ಸಂದರ್ಭಗಳಲ್ಲಿ ಯೋಜಿತ ಚಿಕಿತ್ಸೆಯೇ ಹೊರತು ತುರ್ತು ಚಿಕಿತ್ಸೆಯಲ್ಲ. ಸಲಕರಣೆಯೋ ಅನುಭವಿ ತಂಡವೋ ಸಿದ್ಧವಾಗುವವರೆಗೆ ಒಂದೆರಡು ದಿನ ಕಾಯಬಹುದೇ ಎಂದು ವಿಚಾರಿಸುವುದು ತಪ್ಪಲ್ಲ. ಬೊಜ್ಜು ಇದೆಯೆಂಬ ಒಂದೇ ಕಾರಣಕ್ಕೆ ಈ ಚಿಕಿತ್ಸೆಯನ್ನು ನಿರಾಕರಿಸಬೇಕಿಲ್ಲ. ಸಿದ್ಧತೆಯಿಲ್ಲದೆ ಒಪ್ಪಬೇಕಾಗಿಯೂ ಇಲ್ಲ.