ಬಂದವರು ಒಂದು ರಾತ್ರಿ ತಂಗುವರೇ? ನಂಜನಗೂಡು–ತಿ.ನರಸೀಪುರದ ವಸತಿ ಉದ್ಯಮದ ಲೆಕ್ಕಾಚಾರ

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಿಗೆ ಯಾತ್ರಿಕರ ಕೊರತೆ ಎಂದೂ ಉಂಟಾದುದಿಲ್ಲ. ಕಪಿಲಾ ತೀರದ ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ಪ್ರತಿ ಸೋಮವಾರ ಹಾಗೂ ಹುಣ್ಣಿಮೆಯಂದು ಜನಸಂದಣಿ; ದೊಡ್ಡ ಜಾತ್ರೆಯ ಪಂಚ ಮಹಾರಥೋತ್ಸವದಂದು ಪೇಟೆಯ ಬೀದಿಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ತಿ.ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಿಂದ ಮೂರು ವರ್ಷಗಳಿಗೊಮ್ಮೆ ಕುಂಭಮೇಳವನ್ನು ನಡೆಸುವ ಸಂಪ್ರದಾಯವಿದೆ. ಅದೇ ತಾಲ್ಲೂಕಿನಲ್ಲಿ ಮರಳು ಮುಚ್ಚಿದ ತಲಕಾಡು. 1258ರಲ್ಲಿ ಸೋಮನಾಥ ದಂಡನಾಯಕನು ಕಟ್ಟಿಸಿದ ಸೋಮನಾಥಪುರದ ಕೇಶವ ದೇವಾಲಯ. ಬೇಲೂರು, ಹಳೇಬೀಡುಗಳೊಂದಿಗೆ ಈ ದೇವಾಲಯವೂ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇಷ್ಟೆಲ್ಲ ಇದ್ದರೂ, ಬಂದವರಲ್ಲಿ ಬಹುಮಂದಿ ಸಂಜೆಯ ವೇಳೆಗೆ ಮೈಸೂರಿಗೆ ಮರಳುತ್ತಾರೆ. ನಮ್ಮ ವರ್ತಕರ ಪಾಲಿಗೆ ಉಳಿಯುವುದು ಹಣ್ಣುಕಾಯಿ, ಒಂದು ಹೊತ್ತಿನ ಊಟ, ವಾಹನ ನಿಲುಗಡೆಯ ಶುಲ್ಕ. ತಂಗಿದ ಯಾತ್ರಿಕನಾದರೋ ರಾತ್ರಿಯ ಊಟ, ಬೆಳಗಿನ ಕಾಫಿ ತಿಂಡಿ, ಆಟೋ ಬಾಡಿಗೆ, ಮಕ್ಕಳ ಆಟಿಕೆ, ಮನೆಗೆ ಒಯ್ಯುವ ವಸ್ತು ಎಂದು ಹತ್ತು ಕಡೆ ಹಣ ಬಿಚ್ಚುತ್ತಾನೆ. ಲಾಡ್ಜಿನ ಮಾಲೀಕರೂ ಹಾಲು, ತರಕಾರಿ, ಹಾಸಿಗೆ, ಚಾದರ, ಸಾಬೂನು, ನೀರಿನ ಟ್ಯಾಂಕ್, ಪ್ಲಂಬರ್, ಎಲೆಕ್ಟ್ರಿಷಿಯನ್ ಎಂದು ಊರಿನಲ್ಲಿಯೇ ವೆಚ್ಚ ಮಾಡಬೇಕು. ಆದ್ದರಿಂದ ಈ ವಿಷಯ ಹೋಟೆಲ್ ಮಾಲೀಕರಿಗೆ ಮಾತ್ರ ಸಂಬಂಧಿಸಿದ್ದಲ್ಲ.

ಯಾತ್ರಿಕರು ತಂಗದಿರಲು ಉತ್ತಮ ಕೋಣೆಗಳಿಲ್ಲದಿರುವುದೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಇದು ಅರ್ಧ ಸತ್ಯ. ನಂಜನಗೂಡು ಮೈಸೂರಿನಿಂದ ಸುಮಾರು 25 ಕಿ.ಮೀ., ತಿ.ನರಸೀಪುರ ಸುಮಾರು 30 ಕಿ.ಮೀ. ಈ ಸಾಮೀಪ್ಯವೇ ನಮಗೆ ತೊಡಕು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲಂತೂ ಬೆಂಗಳೂರಿನ ಕುಟುಂಬವು ಬೆಳಿಗ್ಗೆ ಹೊರಟು ನಂಜುಂಡನ ದರ್ಶನ ಮುಗಿಸಿ ರಾತ್ರಿ ಮನೆಯಲ್ಲಿ ಮಲಗಬಲ್ಲದು. ರಸ್ತೆ ಸುಧಾರಿಸಿದರೆ ಪ್ರವಾಸೋದ್ಯಮ ಬೆಳೆಯುತ್ತದೆ ಎಂಬ ಮಾತು ನಿಜವೇ. ಆದರೆ ಅದೇ ರಸ್ತೆ ಯಾತ್ರಿಕನನ್ನು ಬೇಗನೆ ಹಿಂದಕ್ಕೂ ಕರೆದೊಯ್ಯುತ್ತದೆ.

ಹಿಂದೆ ಹೀಗಿರಲಿಲ್ಲ. ಎತ್ತಿನ ಗಾಡಿಯಲ್ಲಿ ಬಂದವರು ತಂಗಲೇಬೇಕಿತ್ತು. ಅದಕ್ಕಾಗಿಯೇ ಅರಸರೂ ಶ್ರೀಮಂತರೂ ಛತ್ರಗಳನ್ನು ಕಟ್ಟಿಸಿದರು. ಇಂದು ಕಾರ್ಖಾನೆಗಳಿರುವ ಹೋಬಳಿಯೊಂದರ ಹೆಸರೇ ಚಿಕ್ಕಯ್ಯನ ಛತ್ರ ಎಂಬುದು ಗಮನಾರ್ಹ. ಛತ್ರಗಳನ್ನು ನಡೆಸಿದ್ದು ದಾನದ ಹಣ. ಇಂದಿನ ಲಾಡ್ಜನ್ನು ನಡೆಸುವುದು ಬ್ಯಾಂಕಿನ ಸಾಲ. ಅಲ್ಲಿಂದ ಲೆಕ್ಕ ಆರಂಭವಾಗುತ್ತದೆ.

ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಸ್ವಂತ ನಿವೇಶನದಲ್ಲಿ 20 ಕೋಣೆಗಳ ವಸತಿಗೃಹ. ಒಂದು ಕೋಟಿ ರೂಪಾಯಿ ಸಾಲ, ಶೇ. 10 ಬಡ್ಡಿ, ಹತ್ತು ವರ್ಷಗಳ ಅವಧಿ. ಮಾಸಿಕ ಕಂತು ಸುಮಾರು 1,32,000 ರೂ. ಸಿಬ್ಬಂದಿ ವೇತನ, ವಿದ್ಯುತ್ತಿನ ನಿಗದಿತ ಶುಲ್ಕ, ಆಸ್ತಿ ತೆರಿಗೆ, ವಿಮೆ, ದುರಸ್ತಿ ಎಲ್ಲ ಸೇರಿ 1,60,000 ರೂ. ಎಂದಿಟ್ಟುಕೊಂಡರೆ, ಒಬ್ಬ ಅತಿಥಿಯೂ ಬಾರದಿದ್ದರೂ ತಿಂಗಳಿಗೆ 2,92,000 ರೂ. ಹೊರಹೋಗುತ್ತದೆ. ಕೋಣೆಯ ಬಾಡಿಗೆ 1,200 ರೂ.; ಅದರಲ್ಲಿ ಬಟ್ಟೆ ಒಗೆತ, ಬಿಸಿನೀರು, ಶುಚಿತ್ವಕ್ಕೆ 250 ರೂ. ಕಳೆದರೆ ಉಳಿಯುವುದು 950 ರೂ. ಅಂದರೆ ತಿಂಗಳ 600 ಕೋಣೆ–ರಾತ್ರಿಗಳ ಪೈಕಿ 307 ಮಾರಾಟವಾದರೆ ಮಾತ್ರ ನಷ್ಟವಿಲ್ಲ, ಲಾಭವೂ ಇಲ್ಲ.

ಈಗ ನಂಜನಗೂಡಿನ ಪಂಚಾಂಗವನ್ನು ನೋಡೋಣ. ತಿಂಗಳಿನ ನಾಲ್ಕು ಶನಿವಾರ, ನಾಲ್ಕು ಭಾನುವಾರ, ಒಂದು ಹುಣ್ಣಿಮೆ. ಈ ಒಂಬತ್ತು ರಾತ್ರಿಗಳೂ ಪೂರ್ಣ ಭರ್ತಿಯಾದವೆಂದೇ ಭಾವಿಸಿದರೂ ಆಗುವುದು 180. ಉಳಿದ 127 ಕೋಣೆಗಳನ್ನು ಇಪ್ಪತ್ತೊಂದು ಸಾಧಾರಣ ರಾತ್ರಿಗಳಲ್ಲಿ ಮಾರಬೇಕು, ಎಂದರೆ ದಿನಕ್ಕೆ ಆರು ಕೋಣೆಗಳು. ವಸತಿ ಉದ್ಯಮದ ಅಳಿವು ಉಳಿವು ನಿಂತಿರುವುದು ಜಾತ್ರೆಯ ದಿನದ ನೂಕುನುಗ್ಗಲಿನ ಮೇಲಲ್ಲ, ಮಂಗಳವಾರ ಬುಧವಾರಗಳ ಈ ಆರು ಕೋಣೆಗಳ ಮೇಲೆ. ಯೋಜನಾ ವರದಿ ಹಿಡಿದು ಬರುವ ಉತ್ಸಾಹಿಗಳಲ್ಲಿ ಅನೇಕರು ಜಾತ್ರೆಯ ಜನಸಂಖ್ಯೆಯನ್ನು ಮೊದಲ ಪುಟದಲ್ಲಿ ಬರೆದಿರುತ್ತಾರೆ. ಬುಧವಾರದ ಗಿರಾಕಿ ಯಾರೆಂಬುದು ಕೊನೆಯ ಪುಟದಲ್ಲಿಯೂ ಇರುವುದಿಲ್ಲ.

ಬುಧವಾರದ ಗಿರಾಕಿ ಇಲ್ಲದಿಲ್ಲ. ಕಡಕೊಳ, ತಾಂಡ್ಯ, ನಂಜನಗೂಡು ಕೈಗಾರಿಕಾ ಪ್ರದೇಶಗಳಲ್ಲಿ ನೆಸ್ಲೆಯಂತಹ ಬೃಹತ್ ಕಾರ್ಖಾನೆಯಿಂದ ಹಿಡಿದು ನಮ್ಮ ಸದಸ್ಯರ ಸಣ್ಣ ಘಟಕಗಳವರೆಗೆ ಉದ್ದಿಮೆಗಳಿವೆ. ಯಂತ್ರ ಜೋಡಿಸುವ ತಂತ್ರಜ್ಞರು, ಗುಣಮಟ್ಟ ಪರೀಕ್ಷಕರು, ಲೆಕ್ಕ ಪರಿಶೋಧಕರ ತಂಡದವರು, ಸರಕು ಖರೀದಿಗೆ ಬರುವವರು ವಾರದ ಮಧ್ಯೆಯೇ ಬರುತ್ತಾರೆ. ಇವರನ್ನು ಮೈಸೂರಿನ ಹೋಟೆಲಿನಲ್ಲಿರಿಸಿ ಪ್ರತಿದಿನ ಕಾರು ಕಳುಹಿಸುವುದು ರೂಢಿ. ಶುಚಿಯಾದ ಕೋಣೆ, ನಿಲ್ಲದ ಇಂಟರ್ನೆಟ್, ಸರಿಯಾದ ತೆರಿಗೆ ಬಿಲ್ಲು, ತಿಂಗಳಿಗೊಮ್ಮೆ ಪಾವತಿಯ ಸೌಕರ್ಯ ಇವಿಷ್ಟನ್ನು ಸ್ಥಳೀಯ ಲಾಡ್ಜ್ ಕೊಟ್ಟರೆ ಕಾರಿನ ಬಾಡಿಗೆ ಉಳಿಯುತ್ತದೆ. ಹತ್ತು ಘಟಕಗಳು ಸೇರಿ ನಿತ್ಯ ನಾಲ್ಕು ಕೋಣೆಗಳ ಭರವಸೆ ನೀಡಿದರೆ ಮೇಲಿನ ಲೆಕ್ಕದ ಮೂರನೇ ಎರಡರಷ್ಟು ಭಾರ ಇಳಿಯುತ್ತದೆ. ಮಂಡಕಳ್ಳಿ ವಿಮಾನ ನಿಲ್ದಾಣವೂ ಮೈಸೂರು–ನಂಜನಗೂಡು ರಸ್ತೆಯಲ್ಲಿಯೇ ಇದೆ ಎಂಬುದನ್ನು ಮರೆಯಬಾರದು.

ಎರಡನೆಯ ಗಿರಾಕಿಯನ್ನು ತಂದುಕೊಟ್ಟಿರುವುದು ಅರಣ್ಯ. ಬಂಡೀಪುರದ ಮೂಲಕ ಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ 2009ರಿಂದ ಸಂಚಾರ ನಿರ್ಬಂಧವಿದೆ. ವಯನಾಡು, ಊಟಿಗಳಿಗೆ ಸಂಜೆ ತಡವಾಗಿ ಹೊರಟವರು ಎಲ್ಲಿಯಾದರೂ ತಂಗಲೇಬೇಕು. ಕಾಡಿಗೆ ಹತ್ತಿರವಿರುವ ಗುಂಡ್ಲುಪೇಟೆಗೆ ಇದರಲ್ಲಿ ಸಹಜವಾಗಿಯೇ ಮೊದಲ ಪಾಲು. ಆದರೆ ಸುಮಾರು 35 ಕಿ.ಮೀ. ಮೊದಲೇ ನಂಜನಗೂಡಿನಲ್ಲಿ ತಂಗಿ, ನಸುಕಿನಲ್ಲಿ ದರ್ಶನ ಮುಗಿಸಿ ಮುಂದೆ ಸಾಗಬಹುದೆಂದು ಹೆದ್ದಾರಿಯಲ್ಲಿ ಒಂದು ಫಲಕವನ್ನಾದರೂ ನಾವು ಹಾಕಿಸಿದ್ದೇವೆಯೇ?

ಭಾನುವಾರ ರಾತ್ರಿಯ ಬಗ್ಗೆ ಒಂದು ಮಾತು. ಇತರ ಪ್ರವಾಸಿ ತಾಣಗಳು ಭಾನುವಾರ ಮಧ್ಯಾಹ್ನ ಖಾಲಿಯಾಗುತ್ತವೆ. ನಂಜನಗೂಡಿನಲ್ಲಿ ಸೋಮವಾರದ ಪೂಜೆಯಿರುವುದರಿಂದ ಭಾನುವಾರ ಸಂಜೆ ಜನ ಬರಲು ಕಾರಣವಿದೆ. ಇವರಿಗೆ ಟಿ.ವಿ., ಹವಾನಿಯಂತ್ರಣ ಮುಖ್ಯವಲ್ಲ. ನಾಲ್ಕೂವರೆಗೆ ಬಿಸಿನೀರು, ಐದಕ್ಕೆ ಕಾಫಿ, ವಯಸ್ಸಾದವರಿಗೆ ನೆಲ ಅಂತಸ್ತಿನ ಕೋಣೆ ಬೇಕು. ಇಷ್ಟನ್ನು ಖಚಿತವಾಗಿ ಕೊಡುವ ಮಾಲೀಕರಿಗೆ ಜಾಹೀರಾತಿನ ಅಗತ್ಯವಿಲ್ಲ.

ತಿ.ನರಸೀಪುರದ ಸ್ಥಿತಿ ಬೇರೆ. ಅಲ್ಲಿ ಕೈಗಾರಿಕೆಯ ಆಸರೆ ಕಡಿಮೆ. ಆದರೆ ಒಂದೇ ದಿನದಲ್ಲಿ ನೋಡಿ ಮುಗಿಸಲಾಗದಷ್ಟು ಸ್ಥಳಗಳಿವೆ. ಗುಂಜಾ ನರಸಿಂಹಸ್ವಾಮಿ, ಅಗಸ್ತ್ಯೇಶ್ವರ, ಸಂಗಮ, ತಲಕಾಡಿನ ಪಂಚಲಿಂಗಗಳು, ಮುಡುಕುತೊರೆ, ಸೋಮನಾಥಪುರ ಇವನ್ನು ಮೈಸೂರಿನಿಂದ ಬಂದವರು ಓಡುತ್ತ ನೋಡುತ್ತಾರೆ. ಸಂಜೆ ಸಂಗಮದಲ್ಲಿ ದೋಣಿ, ರಾತ್ರಿ ಮನೆಯೂಟ, ಬೆಳಗಿನ ಎಳೆ ಬಿಸಿಲಿನಲ್ಲಿ ಸೋಮನಾಥಪುರ ಎಂಬ ಎರಡು ದಿನಗಳ ಕ್ರಮವನ್ನು ಯಾರಾದರೂ ಸಿದ್ಧಪಡಿಸಬೇಕು. ದೊಡ್ಡ ಹೋಟೆಲಿಗಿಂತ ನಾಲ್ಕೈದು ಕೋಣೆಗಳ ಹೋಂಸ್ಟೇಗಳೇ ಇಲ್ಲಿಗೆ ತಕ್ಕವು ಎಂಬುದು ನನ್ನ ಅಭಿಪ್ರಾಯ. ಸಾಲದ ಕಂತು ಇಲ್ಲದಿದ್ದಲ್ಲಿ ಖಾಲಿ ಕೋಣೆ ಅಷ್ಟಾಗಿ ಬಾಧಿಸುವುದಿಲ್ಲ. ವಿದೇಶೀಯರು ಬಂದರೆ ಕಾಗದಪತ್ರಗಳ ಭಯದಿಂದ ಕೋಣೆಯಿಲ್ಲವೆನ್ನುವವರಿದ್ದಾರೆ. ಅತಿಥಿಯ ವಿವರಗಳನ್ನು 24 ಗಂಟೆಗಳೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕೆಂಬುದೇ ಇಲ್ಲಿನ ಮುಖ್ಯ ನಿಯಮ. ಅದನ್ನು ಕಲಿಯಲು ಅರ್ಧ ದಿನ ಸಾಕು.

ಇನ್ನು ತೆರಿಗೆ. ದಿನಕ್ಕೆ 1,000 ರೂ.ವರೆಗಿನ ಕೋಣೆಗಳಿಗಿದ್ದ ಜಿಎಸ್‌ಟಿ ವಿನಾಯಿತಿ 2022ರ ಜುಲೈ 18ರಂದು ರದ್ದಾಗಿ ಶೇ. 12 ತೆರಿಗೆ ಬಂದಿತು. 2025ರ ಸೆಪ್ಟೆಂಬರ್ 22ರಿಂದ 7,500 ರೂ.ವರೆಗಿನ ಕೋಣೆಗಳಿಗೆ ಅದು ಶೇ. 5ಕ್ಕೆ ಇಳಿದಿದೆ. 1,200 ರೂ. ಕೋಣೆಗೆ 144 ರೂ. ಬದಲು 60 ರೂ. ಅತಿಥಿಗೆ ಇದು ಲಾಭವೇ. ಮಾಲೀಕರು ಮಾತ್ರ ಎಚ್ಚರದಿಂದಿರಬೇಕು: ಈ ದರದಲ್ಲಿ ಹೂಡುವಳಿ ತೆರಿಗೆಯ ಜಮೆ ದೊರೆಯದು. ಮಂಚ, ಹಾಸಿಗೆ, ಗೀಸರ್‌ಗಳ ಮೇಲೆ ತೆತ್ತ ತೆರಿಗೆಯೆಲ್ಲ ವೆಚ್ಚಕ್ಕೇ ಸೇರುತ್ತದೆ. ದೇವಾಲಯದ ಆವರಣದಲ್ಲಿ ನೋಂದಾಯಿತ ಧಾರ್ಮಿಕ ಸಂಸ್ಥೆಗಳು ನಡೆಸುವ 1,000 ರೂ.ಗಿಂತ ಕಡಿಮೆ ದರದ ಕೋಣೆಗಳಿಗೆ ತೆರಿಗೆಯೇ ಇಲ್ಲ. ಬೆಲೆಯಲ್ಲಿ ಅವುಗಳೊಡನೆ ಸ್ಪರ್ಧಿಸುವುದು ವ್ಯರ್ಥ, ಸೌಕರ್ಯದಲ್ಲಿ ಸ್ಪರ್ಧಿಸಬೇಕು. ಹೊಸದಾಗಿ ಕಟ್ಟುವವರು ಅಡಿಪಾಯ ತೋಡುವ ಮುನ್ನ ರಾಜ್ಯದ 2024–29ರ ಪ್ರವಾಸೋದ್ಯಮ ನೀತಿಯ ಸಹಾಯಧನ ನಿಬಂಧನೆಗಳನ್ನು ಓದಿಕೊಳ್ಳುವುದು ಒಳಿತು. ಕಟ್ಟಡ ಮುಗಿದ ಮೇಲೆ ಅರ್ಜಿ ಹಿಡಿದು ಅಲೆಯುವುದರಲ್ಲಿ ಪ್ರಯೋಜನವಿಲ್ಲ.

ನದೀತೀರದ ನಿವೇಶನಗಳ ಮೋಹವೂ ಬೇಡ. ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಹದಿನಾರು ಕಾಲು ಮಂಟಪ ಮುಳುಗುವುದನ್ನು ನಂಜನಗೂಡಿನವರು ಕಂಡಿದ್ದಾರೆ. 2018 ಮತ್ತು 2019ರ ಪ್ರವಾಹಗಳಲ್ಲಿ ಹೆದ್ದಾರಿಯ ಮೇಲೆಯೇ ನೀರು ಹರಿಯಿತು. ವಿಮಾ ಪಾಲಿಸಿಯಲ್ಲಿ ಪ್ರವಾಹದ ರಕ್ಷಣೆ ಸೇರಿದೆಯೇ ಎಂದು ನೋಡಿಕೊಳ್ಳಬೇಕು.

ಊರಿನ ಹೆಸರು ಹೊತ್ತ ಸರಕುಗಳನ್ನೂ ಲಾಡ್ಜಿನ ಮೇಜಿನ ಮೇಲೆ ಕಾಣುವುದು ಅಪರೂಪ. ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಪನಾಮಾ ಸೊರಗು ರೋಗದಿಂದ ಬೆಳೆ ಕುಗ್ಗಿ, ರಸಬಾಳೆಯೆಂದು ಬೇರೆ ಹಣ್ಣು ಮಾರುವವರಿಗೆ ಅನುಕೂಲವಾಗಿದೆ. ಬೆಳೆಗಾರರಿಂದ ನೇರವಾಗಿ ತರಿಸಿ, ನಿಜವಾದ ಹಣ್ಣನ್ನು ಬೆಳಗಿನ ತಿಂಡಿಯೊಡನೆ ಒಂದೊಂದು ಇಟ್ಟರೆ ಬೆಳೆಗಾರನಿಗೆ ನಿಶ್ಚಿತ ಗಿರಾಕಿ, ಅತಿಥಿಗೆ ನೆನಪು. ಹಲ್ಲುಪುಡಿಯ ವಿಷಯ ನಾನು ಬೇರೆ ಹೇಳಬೇಕಾಗಿಲ್ಲ.

ಕುಂಭಮೇಳ 2025ರ ಫೆಬ್ರವರಿ 10ರಿಂದ 12ರವರೆಗೆ ನಡೆಯಿತು. ಮೂರು ವರ್ಷಗಳ ಲೆಕ್ಕದಂತೆ ಮುಂದಿನದು 2028ಕ್ಕೆ ಬರಬೇಕು. ಮೂರು ದಿನಗಳಿಗಾಗಿ ಶಾಶ್ವತ ಕಟ್ಟಡ ಕಟ್ಟುವುದು ಲೆಕ್ಕಕ್ಕೆ ಒಗ್ಗದು. ಕಲ್ಯಾಣ ಮಂಟಪಗಳು, ರಜೆ ಪಡೆದ ಶಾಲೆಗಳ ಕೊಠಡಿಗಳು, ಬಾಡಿಗೆಗೆ ದೊರೆಯುವ ಡೇರೆಗಳು, ಸಂಚಾರಿ ಶೌಚಾಲಯಗಳು ಇವುಗಳ ಪಟ್ಟಿಯನ್ನು ದರ ಸಮೇತ 2027ರ ದಸರೆಯೊಳಗೆ ಸಿದ್ಧಪಡಿಸಿಟ್ಟರೆ, ಜಿಲ್ಲಾಡಳಿತದ ಪೂರ್ವಸಿದ್ಧತಾ ಸಭೆಗೆ ವರ್ತಕರು ಬರಿಗೈಯಲ್ಲಿ ಹೋಗಬೇಕಾಗುವುದಿಲ್ಲ. ಅದೇ ಪಟ್ಟಿ ಮೈಸೂರಿನ ಕೋಣೆಗಳೆಲ್ಲ ಭರ್ತಿಯಾಗುವ ಆ ದಸರೆಯ ದಿನಗಳಲ್ಲಿಯೇ ಒಮ್ಮೆ ಪರೀಕ್ಷೆಗೂ ಒಳಪಡಬಹುದು.